ಇಂದಿನ ಧಮ್ಮ ಚಿಂತನ: ಬಯೋಡೇಟಾದಲ್ಲಿ ಸೇರಿಸಿದ ಎರಡು ವರ್ಷ



ಹೋದ ವಾರ ನಮ್ಮ ಬಳಗದಲ್ಲಿ ಒಬ್ಬ ಹುಡುಗ ಒಂದು ಪ್ರಶ್ನೆ ಹಾಕಿದ್ದ. ಹೆಸರು ಬೇಡ. ಬಿ.ಕಾಂ. ಮುಗಿದು ಎರಡು ವರ್ಷವಾಗಿದೆ, ಪುಣೆ ಬೆಂಗಳೂರು ಎರಡೂ ಕಡೆ ಅರ್ಜಿ ಹಾಕುತ್ತಿದ್ದಾನೆ. ಅವನು ಕೇಳಿದ್ದು ಇಷ್ಟು: "ಅಕ್ಕೋರ, ಎಲ್ಲಾ ಕಡೆ ಅನುಭವ ಕೇಳತಾರ. ಬಯೋಡೇಟಾದಾಗ ಎರಡ ವರ್ಷ ಕೆಲಸಾ ಮಾಡೇನಿ ಅಂತ ಹಾಕಿದ್ರ ಅದೂ ಮುಸಾವಾದ ಆಗತೈತೇನ್ರಿ? ಎಲ್ಲಾರೂ ಹಾಕತಾರ." ಕೆಳಗೆ ಇಬ್ಬರು ನಗುವ ಮುಖ ಒತ್ತಿದರು. ಒಬ್ಬರು "ಹೊಟ್ಟಿಪಾಡಿಗೆ ನಡೀತೈತಿ ಬಿಡೋ ತಮ್ಮಾ" ಎಂದು ಬರೆದರು. ಆಮೇಲೆ ಯಾರದೋ ಹುಟ್ಟುಹಬ್ಬದ ಶುಭಾಶಯಗಳು ಬಂದವು, ಪ್ರಶ್ನೆ ಮೇಲೆ ಹೋಗಿಬಿಟ್ಟಿತು.

ನನಗೆ ಆ ಪ್ರಶ್ನೆಯನ್ನು ಹಾಗೆ ಬಿಡಲು ಮನಸ್ಸಾಗಲಿಲ್ಲ. ವಂದನೆಗೆ ಕೂತಾಗಲೆಲ್ಲ ನಾಲ್ಕನೇ ಶೀಲವನ್ನು ಬಾಯಿಬಿಟ್ಟು ಹೇಳುತ್ತೇವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಹದಿನೈದನೆಯದೂ ಸುಳ್ಳು ಹೇಳುವುದಿಲ್ಲ ಎನ್ನುವುದೇ. ಹಾಗಿದ್ದೂ ಒಬ್ಬ ಹುಡುಗ ಬಳಗದ ಎದುರೇ ಬಂದು, ಈ ಸುಳ್ಳು ಆ ಲೆಕ್ಕದಲ್ಲಿ ಬರುತ್ತದೋ ಇಲ್ಲವೋ ಎಂದು ಕೇಳಿದ. ಗುಟ್ಟಾಗಿ ಮಾಡಿ ಮುಗಿಸಬಹುದಿತ್ತು, ಕೇಳಿದ. ಕೇಳಿದವನಿಗೆ ಉತ್ತರ ಕೊಡುವುದು ನಮ್ಮ ಸಾಲ.

ಮೊದಲು ವಿನಯ ಪಿಟಕದ ಒಂದು ಪ್ರಸಂಗ. ಭಿಕ್ಖುಗಳ ಪಾರಾಜಿಕ ನಿಯಮಗಳು ನಾಲ್ಕು. ಅವುಗಳಲ್ಲಿ ಯಾವುದನ್ನು ಮುರಿದರೂ ಭಿಕ್ಖುತನ ಅಲ್ಲಿಗೆ ಮುಗಿಯಿತು, ಸಂಘದಲ್ಲಿ ಜಾಗವಿಲ್ಲ. ಮೊದಲನೆಯದು ಮೈಥುನ, ಎರಡನೆಯದು ಕಳ್ಳತನ, ಮೂರನೆಯದು ಮನುಷ್ಯಹತ್ಯೆ. ಈ ಮೂರರ ಪಕ್ಕದಲ್ಲಿ ಕೂತಿರುವ ನಾಲ್ಕನೆಯದು ಯಾವುದು ಎಂದು ನಾನು ಎಷ್ಟೋ ಜನರನ್ನು ಕೇಳಿದ್ದೇನೆ. ಮದ್ಯ ಎನ್ನುತ್ತಾರೆ, ಸಿಟ್ಟು ಎನ್ನುತ್ತಾರೆ. ಅಲ್ಲ. ತನಗಿಲ್ಲದ ಸಾಧನೆ ಇದೆ ಎಂದು ಹೇಳಿಕೊಳ್ಳುವುದು. ಕೊಲೆಯ ಸಾಲಿನಲ್ಲಿ ಇದನ್ನು ಏಕೆ ಇಟ್ಟರು?

ಆ ನಿಯಮ ಹುಟ್ಟಿದ್ದು ಒಂದು ಬರಗಾಲದಲ್ಲಿ. ವಜ್ಜಿ ನಾಡಿನಲ್ಲಿ ಬೆಳೆ ಹೋಗಿತ್ತು, ಭಿಕ್ಷೆ ಹುಟ್ಟುವುದು ಕಷ್ಟವಾಗಿತ್ತು. ವಗ್ಗುಮುದಾ ಎಂಬ ನದಿಯ ದಂಡೆಯಲ್ಲಿ ಕೆಲವು ಭಿಕ್ಖುಗಳು ವರ್ಷಾವಾಸಕ್ಕೆ ನಿಂತಿದ್ದರು. ಮೂರು ತಿಂಗಳು ಹೊಟ್ಟೆ ಹೇಗೆ ಹೊರೆಯುವುದು ಎಂದು ಕೂತು ಆಲೋಚಿಸಿದರು. ಗೃಹಸ್ಥರ ಕೆಲಸಗಳ ಉಸ್ತುವಾರಿ ನೋಡಿಕೊಳ್ಳೋಣ ಎಂದ ಒಬ್ಬ. ಊರಿಂದೂರಿಗೆ ಸುದ್ದಿ ಮುಟ್ಟಿಸುವ ಕೆಲಸ ಮಾಡೋಣ ಎಂದ ಇನ್ನೊಬ್ಬ. ಎರಡೂ ಮೈಮುರಿಯುವ ಕೆಲಸ. ಕೊನೆಗೆ ಎಲ್ಲರಿಗೂ ಒಪ್ಪಿಗೆಯಾದ ಉಪಾಯ ಬೇರೆಯೇ: ಜನರ ಮುಂದೆ ಒಬ್ಬರನ್ನೊಬ್ಬರು ಹೊಗಳುವುದು. ಈ ಭಂತೆ ಮೊದಲ ಧ್ಯಾನ ದಾಟಿದವರು, ಆ ಭಂತೆ ಅರಹಂತರು, ಇವರಿಗೆ ಇಂಥಿಂಥ ಜ್ಞಾನ ಸಿದ್ಧಿಸಿದೆ. ಈಗಿನ ಮಾತಿನಲ್ಲಿ ಹೇಳುವುದಾದರೆ ಒಬ್ಬರಿಗೊಬ್ಬರು ಅನುಭವದ ಪ್ರಮಾಣಪತ್ರ ಕೊಟ್ಟುಕೊಂಡರು.

ಜನ ನಂಬಿದರು. ಇಂಥ ಮಹಾತ್ಮರು ನಮ್ಮೂರಿಗೆ ಬಂದದ್ದೇ ಪುಣ್ಯ ಎಂದುಕೊಂಡರು. ತಾವು ಉಣ್ಣದೆ, ಅಪ್ಪ ಅವ್ವನಿಗೆ ಕೊಡದೆ, ಹೆಂಡತಿ ಮಕ್ಕಳಿಗೆ ಕೊಡದೆ, ಮನೆಯಲ್ಲಿ ದುಡಿಯುವವರಿಗೂ ಕೊಡದೆ ಅವರಿಗೆ ನೀಡಿದರು. ಪ್ರಸಂಗದ ಈ ಭಾಗ ಓದುವಾಗಲೆಲ್ಲ ನಾನು ತಡೆದು ನಿಲ್ಲುತ್ತೇನೆ. ಸುಳ್ಳು ಹೇಳಿದ್ದು ಭಿಕ್ಖುಗಳು. ಉಪವಾಸ ಬಿದ್ದದ್ದು ಯಾವುದೋ ಮನೆಯ ಕೂಸು.

ಮಳೆಗಾಲ ಮುಗಿದ ಮೇಲೆ ಭಿಕ್ಖುಗಳೆಲ್ಲ ವೈಶಾಲಿಯಲ್ಲಿದ್ದ ಭಗವಾನರನ್ನು ಕಾಣಲು ಬಂದರು. ಬೇರೆ ಕಡೆಯಿಂದ ಬಂದವರು ಬಡಕಲಾಗಿದ್ದರು, ಬಣ್ಣ ಕೆಟ್ಟಿತ್ತು, ಮೈಮೇಲೆ ನರಗಳು ಎದ್ದು ಕಾಣುತ್ತಿದ್ದವು. ವಗ್ಗುಮುದಾ ದಂಡೆಯವರು ದಷ್ಟಪುಷ್ಟರಾಗಿ, ಮುಖದಲ್ಲಿ ಕಳೆ ತುಂಬಿಕೊಂಡು ಬಂದಿದ್ದರು. ಭಗವಾನರು ಮೊದಲು ಯೋಗಕ್ಷೇಮ ಕೇಳಿದರು, ಭಿಕ್ಷೆಗೆ ತೊಂದರೆಯಾಯಿತೇ ಎಂದು ಕೇಳಿದರು. ಅವರು ನಡೆದದ್ದನ್ನು ಹೇಳಿದರು. ಹೇಳಿಕೊಂಡದ್ದು ನಿಜವೇ ಎಂದು ಕೇಳಿದಾಗ ಇಲ್ಲ ಎಂದರು. ಅಂದು ಅವರಿಗೆ ಸಿಕ್ಕ ಬೈಗುಳ ವಿನಯ ಪಿಟಕದ ಅತಿ ಕಟುವಾದ ಬೈಗುಳಗಳಲ್ಲಿ ಒಂದು. ಹೊಟ್ಟೆಗಾಗಿ ಹೀಗೆ ಮಾಡುವುದಕ್ಕಿಂತ ಆ ಹೊಟ್ಟೆಯನ್ನೇ ಸೀಳಿಕೊಳ್ಳುವುದು ಲೇಸು ಎನ್ನುವಷ್ಟು. ಲೋಕದ ದೊಡ್ಡ ಕಳ್ಳರು ಯಾರು ಎಂದು ಐದು ಬಗೆ ಎಣಿಸಿ, ಇಲ್ಲದ ಸಾಧನೆ ಹೇಳಿಕೊಂಡು ಉಣ್ಣುವವನನ್ನು ಎಲ್ಲರಿಗಿಂತ ದೊಡ್ಡ ಕಳ್ಳ ಎಂದರು. ನಾಡಿನ ಅನ್ನವನ್ನು ಅವನು ಕದ್ದು ಉಂಡಿದ್ದಾನೆ ಎನ್ನುವುದು ಕಾರಣ.

ಈಗ ತಮ್ಮನ ಪ್ರಶ್ನೆಗೆ ಬರೋಣ. ಬಯೋಡೇಟಾದ ಸುಳ್ಳು ಬರೀ ನಾಲ್ಕನೇ ಶೀಲದ ಮಾತಲ್ಲ, ಎರಡನೇ ಶೀಲದ್ದೂ ಹೌದು. ಒಂದು ಹುದ್ದೆಗೆ ನೂರು ಜನ ಅರ್ಜಿ ಹಾಕಿರುತ್ತಾರೆ. ಅವರಲ್ಲಿ ಒಬ್ಬಳು ನಿಜವಾಗಿ ಎರಡು ವರ್ಷ ದುಡಿದವಳು. ನೀನು ಬರೆದುಕೊಂಡ ಎರಡು ವರ್ಷ ಅವಳ ಎರಡು ವರ್ಷದ ಬೆಲೆ ಇಳಿಸುತ್ತದೆ. ನಮ್ಮ ಸರಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಆಯ್ಕೆಯನ್ನೇ ನೋಡಿ, ಅಲ್ಲಿ ಸೇವೆ ಸಲ್ಲಿಸಿದ ವರ್ಷಗಳಿಗೆ ಅಂಕವಿದೆ. ಕಡಿಮೆ ಗೌರವಧನಕ್ಕೆ, ಬಸ್ಸಿನಲ್ಲಿ ಜೋತುಬಿದ್ದು, ಹತ್ತು ವರ್ಷ ಪಾಠ ಮಾಡಿದವರು ನಮ್ಮಲ್ಲೇ ಎಷ್ಟು ಜನರಿದ್ದಾರೆ! ಅಂಥವರ ಮುಂದೆ ಯಾರೋ ಪರಿಚಯದ ಸಂಸ್ಥೆಯಿಂದ ಒಂದು ಪತ್ರ ತಂದಿಟ್ಟು ಕೂತರೆ ಅದಕ್ಕೆ ಬೇರೆ ಯಾವ ಹೆಸರು ಕೊಡೋಣ?

"ಧಮ್ಮ ಇರಲಿ ಅಕ್ಕೋರ, ಸಿಕ್ಕಬೀಳತೀನೋ ಇಲ್ಲೋ ಅದನ್ನ ಹೇಳ್ರಿ" ಎಂದು ಕೇಳುವವರೂ ಇದ್ದಾರೆ. ಅದೂ ನ್ಯಾಯವಾದ ಪ್ರಶ್ನೆಯೇ. ಹೇಳುತ್ತೇನೆ.

2022ರ ನವೆಂಬರ್‌ನಲ್ಲಿ ಆಕ್ಸೆಂಚರ್ ಒಂದು ಹೇಳಿಕೆ ಕೊಟ್ಟಿತು. ಬೆಂಗಳೂರಿನಲ್ಲಿ ದೊಡ್ಡ ಕಚೇರಿಗಳಿರುವ ಕಂಪನಿ ಅದು, ನಮ್ಮ ಕಡೆಯ ಹುಡುಗರು ಹೆಸರು ಕೇಳಿರುತ್ತೀರಿ. ಇಲ್ಲದ ಕಂಪನಿಗಳ ಹೆಸರಿನಲ್ಲಿ ದಾಖಲೆ, ಅನುಭವ ಪತ್ರ ತಯಾರಿಸಿ ಭಾರತದಲ್ಲಿ ತಮ್ಮಲ್ಲಿ ಕೆಲಸಕ್ಕೆ ಸೇರುತ್ತಿದ್ದ ವ್ಯವಸ್ಥೆಯೊಂದು ಪತ್ತೆಯಾಗಿದೆ, ಹಾಗೆ ಸೇರಿದವರನ್ನು ತೆಗೆದಿದ್ದೇವೆ ಎಂದು ಅದರಲ್ಲಿತ್ತು. ಎಷ್ಟು ಜನ ಎಂದು ಕಂಪನಿ ಹೇಳಲಿಲ್ಲ. ಅಂಥ ಪತ್ರಕ್ಕೆ ಸಾಲ ಮಾಡಿ ದುಡ್ಡು ಸುರಿದವರ ಮನೆಗಳಲ್ಲಿ ಆ ವಾರ ಹೇಗೆ ಕಳೆದಿರಬೇಕು, ಯೋಚಿಸಿ. ಪತ್ರ ಮಾರುವ ದಲ್ಲಾಳಿ ಫೋನ್ ನಂಬರ್ ಬದಲಿಸಿದರೆ ಆಯಿತು. ಕೆಲಸ ಹೋದವನು ಹೆಸರು ಬದಲಿಸಲು ಆಗುವುದಿಲ್ಲ.

ಸಿಕ್ಕಿಬೀಳುವುದು ಹೇಗೆ ಎಂದು ಕೆಲವರಿಗೆ ಅಚ್ಚರಿ. 2014ರಿಂದ ಭವಿಷ್ಯನಿಧಿಗೆ ಯುಎಎನ್ ಎಂಬ ಒಂದೇ ಸಂಖ್ಯೆ ಬಂದಿದೆ. ಎಷ್ಟು ಕಂಪನಿ ಬದಲಿಸಿದರೂ ಆ ಸಂಖ್ಯೆ ಬದಲಾಗುವುದಿಲ್ಲ. ಯಾವ ತಾರೀಖಿಗೆ ಎಲ್ಲಿ ಸೇರಿದೆ, ಯಾವ ತಾರೀಖಿಗೆ ಬಿಟ್ಟೆ, ಎಲ್ಲವೂ ಅದರ ಸೇವಾ ವಿವರದಲ್ಲಿ ಇರುತ್ತದೆ. ಸಂಬಳ ಬ್ಯಾಂಕಿಗೆ ಬಂದಿರಬೇಕು, ತೆರಿಗೆ ಕಡಿತವಾಗಿದ್ದರೆ ಅದರ ದಾಖಲೆ ಇರಬೇಕು. ಕಂಪನಿ ನೋಂದಣಿಯಾದ ವರ್ಷ ಸರಕಾರದ ಜಾಲತಾಣದಲ್ಲೇ ಸಿಗುತ್ತದೆ. ಕಂಪನಿ ಹುಟ್ಟುವ ಮೊದಲೇ ಅಲ್ಲಿ ಕೆಲಸ ಮಾಡಿದ ಪುಣ್ಯಾತ್ಮರೂ ಸಿಕ್ಕಿಬಿದ್ದದ್ದುಂಟು! ದೊಡ್ಡ ಕಂಪನಿಗಳು ಹಿನ್ನೆಲೆ ಪರಿಶೀಲನೆಗೆಂದೇ ಬೇರೆ ಸಂಸ್ಥೆಗಳಿಗೆ ಹಣ ಕೊಡುತ್ತವೆ. ಅವರು ಹಳೆಯ ಕಚೇರಿಗೆ ಫೋನ್ ಮಾಡುತ್ತಾರೆ, ಕೆಲವು ಸಲ ವಿಳಾಸ ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ಬೀಗ ಹಾಕಿದ ಒಂದು ಕೋಣೆ ಇದ್ದರೆ ಕಥೆ ಮುಗಿಯಿತು. ಈ ಪರಿಶೀಲನೆ ಎಷ್ಟೋ ಸಲ ಕೆಲಸಕ್ಕೆ ಸೇರಿದ ಮೇಲೂ ನಡೆಯುತ್ತದೆ. ಅಷ್ಟರಲ್ಲಿ ಊರಲ್ಲಿ ಪೇಢಾ ಹಂಚಿ ಆಗಿರುತ್ತದೆ.

ಕಾನೂನಿನ ಮಾತೂ ಇದೆ. ಬಾಯಿಮಾತಿನಲ್ಲಿ ಹೆಚ್ಚು ಹೇಳಿಕೊಳ್ಳುವುದು ಬೇರೆ, ಇಲ್ಲದ ಸಂಸ್ಥೆಯ ಮೊಹರು ಹಾಕಿದ ಪತ್ರ ಕೊಡುವುದು ಬೇರೆ. ಎರಡನೆಯದು ಖೊಟ್ಟಿ ದಾಖಲೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318ನೇ ಕಲಂ, ಖೊಟ್ಟಿ ದಾಖಲೆ ಸೃಷ್ಟಿಗೆ 336, ಅದನ್ನು ಅಸಲಿ ಎಂದು ಬಳಸುವುದಕ್ಕೆ 340. ಸರಕಾರಿ ನೇಮಕದಲ್ಲಾದರೆ ಸುಳ್ಳು ಮಾಹಿತಿ ಯಾವ ಹಂತದಲ್ಲಿ ಗೊತ್ತಾದರೂ ಆಯ್ಕೆ ರದ್ದು, ಮುಂದಿನ ಪರೀಕ್ಷೆಗಳಿಗೂ ತಡೆ. ಬಾಬಾಸಾಹೇಬರ ಸಂವಿಧಾನ ತೆರೆದುಕೊಟ್ಟ ಬಾಗಿಲನ್ನು ನಮ್ಮ ಕೈಯಿಂದಲೇ ಮುಚ್ಚಿಕೊಂಡ ಹಾಗೆ.

ಸಿಕ್ಕಿಬೀಳದೆ ಉಳಿದವರ ಪಾಡು ಇನ್ನೂ ಕೇಳಬೇಕು. ಅಮೆರಿಕದಲ್ಲಿ ಎಂಐಟಿ ಎಂಬ ಹೆಸರಾಂತ ತಂತ್ರಜ್ಞಾನ ಸಂಸ್ಥೆ ಇದೆ. ಅಲ್ಲಿ ಮಾರಿಲೀ ಜೋನ್ಸ್ ಎಂಬಾಕೆ 1979ರಲ್ಲಿ ಸೇರುವಾಗ ಇಲ್ಲದ ಪದವಿಗಳನ್ನು ಬರೆದುಕೊಂಡಿದ್ದರು. ಅಂದು ಸೇರಿದ ಆ ಸಣ್ಣ ಕೆಲಸಕ್ಕೆ ಅವು ಬೇಕೂ ಇರಲಿಲ್ಲ ಎಂದು ಆಮೇಲೆ ವರದಿಯಾಯಿತು. ಆಕೆ ಚೆನ್ನಾಗಿ ದುಡಿದರು, ಪ್ರವೇಶ ವಿಭಾಗದ ಮುಖ್ಯಸ್ಥೆಯಾದರು, ಮಕ್ಕಳ ಮೇಲೆ ಒತ್ತಡ ಹಾಕಬೇಡಿ ಎಂದು ತಂದೆತಾಯಿಗಳಿಗೆ ಹೇಳುವ ಪುಸ್ತಕ ಬರೆಯುವುದರಲ್ಲಿ ಪಾಲುಗೊಂಡರು. ದೇಶವೆಲ್ಲ ಮೆಚ್ಚಿತ್ತು. 2007ರ ಏಪ್ರಿಲ್‌ನಲ್ಲಿ ಹಳೆಯ ಸುಳ್ಳು ಹೊರಬಿತ್ತು, ರಾಜೀನಾಮೆ ಕೊಟ್ಟರು. 28 ವರ್ಷದ ನಿಜವಾದ ದುಡಿಮೆ ಆ ಬೇಡದ ಒಂದು ಸಾಲಿನ ಅಡಿಯಲ್ಲಿ ಮುಚ್ಚಿಹೋಯಿತು. ವಿದ್ಯಾರ್ಥಿಗಳು ಅರ್ಜಿಯಲ್ಲಿ ನಿಜ ಬರೆದಿದ್ದಾರೋ ಇಲ್ಲವೋ ನೋಡುವುದೇ ಆ ವಿಭಾಗದ ಕೆಲಸ. ಅಷ್ಟು ವರ್ಷ ಆಕೆ ಎಷ್ಟು ರಾತ್ರಿ ನಿದ್ದೆಗೆಟ್ಟಿರಬೇಕೋ.

ಅಷ್ಟು ದೂರ ಏಕೆ ಹೋಗಬೇಕು? ನಮ್ಮ ಮಂಡ್ಯ ಜಿಲ್ಲೆಯ ಎನ್.ಎಂ. ಪ್ರತಾಪ್ ಹೆಸರನ್ನು ಕನ್ನಡದ ಮನೆಮನೆ ಬಲ್ಲದು. ಹಾಳಾದ ಎಲೆಕ್ಟ್ರಾನಿಕ್ ಸಾಮಾನಿನಿಂದ 600 ಡ್ರೋನ್ ಮಾಡಿದ ಹಳ್ಳಿಯ ಹುಡುಗ ಎಂದು ವೇದಿಕೆ ವೇದಿಕೆಗೆ ಕರೆದು ಸನ್ಮಾನಿಸಿದರು. 2020ರ ಜುಲೈನಲ್ಲಿ ಸುದ್ದಿಗಳ ಸತ್ಯಾಸತ್ಯತೆ ನೋಡುವವರು ಆ ಹೇಳಿಕೆಗಳಲ್ಲಿ ಹಲವಕ್ಕೆ ಆಧಾರ ಸಿಗುವುದಿಲ್ಲ ಎಂದು ಬರೆದರು. ನನಗೆ ಆ ಹುಡುಗನಿಗಿಂತ ಹೆಚ್ಚು ನೆನಪಿರುವುದು ನಮ್ಮ ಜನರ ನಡತೆ. ಒಂದು ಪ್ರಶ್ನೆಯನ್ನೂ ಕೇಳದೆ ಹಾರ ಹಾಕಿದ ಕೈಗಳೇ ಮರುವಾರ ಗೇಲಿಯ ಚಿತ್ರಗಳನ್ನು ಹಂಚಿದವು. ವಜ್ಜಿ ನಾಡಿನ ಗೃಹಸ್ಥರಾದರೂ ಹಸಿವಿನಲ್ಲೂ ನಂಬಿ ಅನ್ನ ಕೊಟ್ಟಿದ್ದರು. ನಾವು ಕೊಟ್ಟದ್ದು ಚಪ್ಪಾಳೆ ಮಾತ್ರ, ಆಮೇಲೆ ಅದನ್ನೂ ಕಸಿದುಕೊಂಡೆವು.

ಇನ್ನು ಹೇಳಲು ಕಷ್ಟವಾದ ಮಾತು. ತಮ್ಮ ಆಮೇಲೆ ನನಗೆ ಬೇರೆಯಾಗಿ ಫೋನ್ ಮಾಡಿ ಹೇಳಿದ: "ಅಕ್ಕೋರ, ಖರೇ ಬರದ್ರೂ ನಮ್ಮ ಹೆಸರ ನೋಡಿ ಬದಿಗಿ ಇಡತಾರ. ಅವರ ಆಟಾನ ಮೋಸದ್ದು. ನಾವಷ್ಟ ಯಾಕ ಶೀಲಾ ಹಿಡಕೊಂಡ ಕುಂದ್ರಬೇಕು?"

ಅವನ ಮಾತಿನ ಮೊದಲರ್ಧ ಸುಳ್ಳಲ್ಲ. ಸುಖದೇವ ಥೋರಾಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 66 ವಾರಗಳ ಕಾಲ 4,808 ಅರ್ಜಿ ಕಳಿಸಿದರು. ಓದು ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು. ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಹೀಗಾಗಿ ಆಟ ಸರಿಯಿದೆ ಎಂದು ನಾನು ಅವನಿಗೆ ಹೇಳುವುದಿಲ್ಲ. ಪ್ರಾಮಾಣಿಕವಾಗಿರು, ಎಲ್ಲ ಸರಿಹೋಗುತ್ತದೆ ಎನ್ನುವ ಉಪದೇಶ ಹೊಟ್ಟೆ ತುಂಬಿದವರ ಉಪದೇಶ.

ಆದರೆ ಅದೇ ಅಂಕಿಯನ್ನು ಇನ್ನೊಮ್ಮೆ ನೋಡು ತಮ್ಮಾ. ಯಾರ ಅರ್ಜಿಯನ್ನು ಅನುಮಾನದಿಂದ ನೋಡುತ್ತಾರೋ ಅವರ ಸುಳ್ಳೇ ಮೊದಲು ಸಿಗುವುದು. ಸಾಹುಕಾರರ ಮಗನ ಅರ್ಜಿಯಲ್ಲಿ ಆರು ತಿಂಗಳು ಹೆಚ್ಚು ಬರೆದದ್ದು ಕಂಡರೆ "ತಾರೀಖು ತಪ್ಪಿರಬೇಕು" ಎನ್ನುತ್ತಾರೆ. ನಿನ್ನದರಲ್ಲಿ ಕಂಡರೆ "ಇವರೆಲ್ಲಾ ಹಿಂಗ" ಎನ್ನುತ್ತಾರೆ. ನಿನ್ನ ಹಿಂದೆ ಅದೇ ಓಣಿಯಿಂದ ಅರ್ಜಿ ಹಾಕುವ ಹುಡುಗಿ ಆ ಮಾತಿನ ಭಾರ ಹೊರಬೇಕು. ಇದು ಅನ್ಯಾಯವೇ. ಆದರೆ ಅರ್ಜಿ ತುಂಬುವಾಗ ಲೆಕ್ಕಕ್ಕೆ ಹಿಡಿಯಬೇಕಾದ ಅನ್ಯಾಯ.

ಈ ಮಾತು ಬಂದಾಗ ನಮ್ಮ ಹಿರಿಯರೊಬ್ಬರು ಬಾಬಾಸಾಹೇಬರ ಬರೋಡಾ ಪ್ರಸಂಗ ನೆನಪಿಸಿದರು. ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಅವರಿಗೆ ಊರಲ್ಲಿ ಯಾರೂ ಮನೆ ಕೊಡಲಿಲ್ಲ. ಪಾರ್ಸಿಗಳ ಒಂದು ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. "ಅವರೂ ಹೆಸರು ಮುಚ್ಚಿದ್ರಲ್ಲ?" ಎಂದರು ಹಿರಿಯರು. ಮುಚ್ಚಿದರು, ತಲೆಯ ಮೇಲೆ ಸೂರು ಬೇಕಾಗಿತ್ತು. ಆದರೆ ಎರಡು ಸಂಗತಿ ಮರೆಯಬಾರದು. ಅಲ್ಲಿ ಅವರು ತಮ್ಮಲ್ಲಿಲ್ಲದ ವಿದ್ಯೆಯನ್ನು ಹೇಳಿಕೊಳ್ಳಲಿಲ್ಲ, ಇದ್ದ ವಿದ್ಯೆಗೆ ಊರು ಜಾಗ ಕೊಡಲಿಲ್ಲ. ಮತ್ತು ಆ ಪ್ರಸಂಗವನ್ನು ಮುಂದೆ 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ತಾವೇ ಬಿಚ್ಚಿಟ್ಟರು. ನಾವಿಂದು ಅದನ್ನು ಬಲ್ಲೆವಾದರೆ ಅವರೇ ಬರೆದದ್ದರಿಂದ.

ಜಾತಿ ಮುಚ್ಚುವ ಮಾತು ಬಂದದ್ದರಿಂದ ಇನ್ನೊಂದು ಹೇಳುತ್ತೇನೆ. ನನ್ನ ದೃಷ್ಟಿಯಲ್ಲಿ ಬಯೋಡೇಟಾದ ಸುಳ್ಳಿನ ಬೇರು ಇಲ್ಲಿದೆ. ನಮ್ಮ ಮಕ್ಕಳು ಮಾಡದ ಕೆಲಸ ಬರೆಯುವ ಮೊದಲು ಮಾಡಿದ ಕೆಲಸವನ್ನು ಅಳಿಸಿರುತ್ತಾರೆ.

ಇತ್ತೀಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಯೋಡೇಟಾ ತೋರಿಸಲು ಬಂದಿದ್ದಳು. ಪುಣೆಯ ಯಾವುದೋ ಕಚೇರಿಯಲ್ಲಿ ಒಂದು ವರ್ಷ ಡೇಟಾ ಎಂಟ್ರಿ ಎಂದು ಬರೆದಿತ್ತು. ಅವಳು ಪುಣೆಗೆ ಹೋದದ್ದು ಅಣ್ಣನ ಮದುವೆಗೆ ಮಾತ್ರ! ಯಾರು ಬರೆಯಲು ಹೇಳಿದರು ಎಂದರೆ ಮಾವನ ಮಗ. ಸರಿ, ಈ ನಾಲ್ಕು ವರ್ಷ ನೀನು ಮನೆಯಲ್ಲಿ ಏನು ಮಾಡಿದೆ ಎಂದು ಕೇಳಿದೆ. "ಏನಿಲ್ರಿ, ಖಾಲಿನ ಇದ್ದೆ" ಎಂದಳು. ಬಿಡದೆ ಕೇಳುತ್ತಾ ಹೋದೆ. ಅವರ ಮನೆಯಲ್ಲಿ ಚಪ್ಪಲಿ ಮಾಡುತ್ತಾರೆ. ಅವ್ವ ವೇಣಿ ಹೆಣೆಯುತ್ತಾಳೆ, ಅಪ್ಪ ಅಡಿ ಹೊಲಿಯುತ್ತಾನೆ. ಇವಳು ಚಪ್ಪಲಿಗಳ ಫೋಟೊ ತೆಗೆದು ವಾಟ್ಸಾಪಿನಲ್ಲಿ ಗಿರಾಕಿಗಳಿಗೆ ಕಳಿಸುವುದು, ಕಾಲಿನ ಅಳತೆ ಬರೆದುಕೊಳ್ಳುವುದು, ಬಂದ ಹಣದ ಲೆಕ್ಕ, ಕೊರಿಯರ್, ತಿರುಗಿ ಬಂದ ಮಾಲಿಗೆ ಉತ್ತರ, ಕೊಲ್ಹಾಪುರದ ವ್ಯಾಪಾರಿಗಳ ಜೊತೆ ಮರಾಠಿಯಲ್ಲಿ, ಬೆಂಗಳೂರಿನವರ ಜೊತೆ ಕನ್ನಡದಲ್ಲಿ, ಉಳಿದವರ ಜೊತೆ ಬರುವಷ್ಟು ಹಿಂದಿಯಲ್ಲಿ ಮಾತು. ನಾಲ್ಕು ವರ್ಷ. ಇದಕ್ಕೆ "ಖಾಲಿ" ಎಂದು ಹೆಸರು.

ಇದನ್ನೇಕೆ ಬರೆಯಲಿಲ್ಲ ಎಂದೆ. ತಲೆ ತಗ್ಗಿಸಿಕೊಂಡು ಹೇಳಿದಳು: "ಅದನ್ನ ಬರದ್ರ ಜಾತಿ ಗೊತ್ತಾಗತೈತಲ್ರಿ ಅಕ್ಕೋರ."

ನನ್ನ ಹತ್ತಿರ ತಕ್ಷಣದ ಉತ್ತರ ಇರಲಿಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಅದರಲ್ಲಿವೆ. ಅಥಣಿ, ನಿಪ್ಪಾಣಿ ಕಡೆಯ ಕೈಗಳು ಹೊಲಿದದ್ದು ಲೋಕವೆಲ್ಲ ನಡೆದಾಡುತ್ತದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿ ತೊಡಿಸಿ ಮೂಲದ ಹೆಸರನ್ನೇ ಹೇಳಲಿಲ್ಲ. ಗದ್ದಲವಾದ ಮೇಲೆ ಅದು ಭಾರತದ ಕರಕುಶಲದಿಂದ ಬಂದದ್ದು ಎಂದು ಒಪ್ಪಿಕೊಂಡಿತು. ಮಿಲಾನಿನವರು ನಮ್ಮ ಕೆಲಸವನ್ನು ತಮ್ಮದೆಂಬಂತೆ ತೋರಿಸುತ್ತಾರೆ, ಅಥಣಿಯ ಮಗಳು ತನ್ನ ಕೆಲಸವನ್ನೇ ತನ್ನದಲ್ಲ ಎಂದು ಅಳಿಸುತ್ತಾಳೆ. ಸತ್ತ ದನ ಹೊರುವಂಥ ಹೀನಾಯದ ಕೆಲಸ ಬಿಡಿ ಎಂದು ಬಾಬಾಸಾಹೇಬರು ಹೇಳಿದ್ದು ನಿಜ. ಆದರೆ ದುಡಿದ ದುಡಿಮೆಗೆ ನಾಚಿಕೊಂಡು ಬೇರೆಯವರ ದುಡಿಮೆಯನ್ನು ಹೊದ್ದುಕೊಳ್ಳಿ ಎಂದು ಎಲ್ಲೂ ಹೇಳಲಿಲ್ಲ.

ಆದರೂ ಅವಳ ಭಯ ನಿಜವಾದದ್ದು. ಅದಕ್ಕೆ ಇಬ್ಬರೂ ಕೂತು ಒಂದು ದಾರಿ ಹುಡುಕಿದೆವು. ಸಮ್ಮಾ ವಾಚಾ ಎಂದರೆ ಸುಳ್ಳು ಹೇಳಬಾರದು ಎಂದಷ್ಟೇ, ಎಲ್ಲವನ್ನೂ ಎಲ್ಲರಿಗೂ ಹೇಳಲೇಬೇಕು ಎಂದಲ್ಲ. ಖಾಸಗಿ ಕೆಲಸದ ಬಯೋಡೇಟಾದಲ್ಲಿ ಜಾತಿ, ಧರ್ಮ, ಅಪ್ಪನ ಉದ್ಯೋಗ ಬರೆಯಬೇಕೆಂಬ ನಿಯಮ ಇಲ್ಲ. ಹೀಗೆ ಬರೆದಳು: "ಕುಟುಂಬದ ಕರಕುಶಲ ಉದ್ಯಮದಲ್ಲಿ ನಾಲ್ಕು ವರ್ಷ. ಗ್ರಾಹಕರ ಆರ್ಡರ್, ಲೆಕ್ಕಪತ್ರ, ರವಾನೆ, ದೂರುಗಳ ನಿರ್ವಹಣೆ. ಸಂಬಳವಿಲ್ಲದ ಕೆಲಸ." ಕೊನೆಯ ಮಾತನ್ನು ಅವಳೇ ಸೇರಿಸಿದಳು. ಯಾರಾದರೂ ಪ್ರಮಾಣಪತ್ರ ಕೇಳಿದರೆ ಕೊರಿಯರ್ ರಸೀದಿಗಳಿವೆ, ಫೋನ್‌ಪೇ ಲೆಕ್ಕವಿದೆ, ನಾಲ್ಕು ವರ್ಷದ ನೋಟ್‌ಬುಕ್ಕಿದೆ. ಸಂದರ್ಶನದಲ್ಲಿ ಎಷ್ಟು ಕೆದಕಿದರೂ ಅವಳು ಹೇಳಬಲ್ಲಳು, ಮಾಡಿದ್ದಾಳಲ್ಲ. ಕೆಲಸ ಸಿಕ್ಕಿತೇ ಎಂದು ಕೇಳಬೇಡಿ, ಇನ್ನೂ ಇಲ್ಲ. ಎರಡು ಕಡೆ ಕರೆದಿದ್ದರು.

ಇದು ಅವಳೊಬ್ಬಳ ಮಾತಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ನಮ್ಮ ತಾಲೂಕುಗಳ ಹಳ್ಳಿಗಳು ಮುಳುಗಿದಾಗ ಗಂಜಿ ಕೇಂದ್ರಗಳಲ್ಲಿ ಯಾರು ಹೆಸರು ಬರೆದುಕೊಂಡರು, ಯಾರು ಔಷಧಿ ಹಂಚಿದರು? ಕಾರ್ಖಾನೆಯ ಹಂಗಾಮಿನಲ್ಲಿ ಕಾಟಾದ ಹತ್ತಿರ ಕೂತು ಕಬ್ಬಿನ ತೂಕದ ಚೀಟಿ ಬರೆದವರಾರು? ಹಾಸ್ಟೆಲಿನ ಮೆಸ್ ಲೆಕ್ಕ ಒಂದು ವರ್ಷ ಹಿಡಿದವರು, ಓಣಿಯ ಮಕ್ಕಳಿಗೆ ಸಂಜೆ ಪಾಠ ಹೇಳಿದವರು, ಭೀಮ ಜಯಂತಿಯ ವಂತಿಗೆ ಎತ್ತಿ ಪೈಸೆ ಪೈಸೆ ಲೆಕ್ಕ ಒಪ್ಪಿಸಿದವರು (ಇದು ಸಣ್ಣ ಅನುಭವವಲ್ಲ, ನಮ್ಮ ಓಣಿಯಲ್ಲಿ ಲೆಕ್ಕ ಕೇಳುವವರನ್ನು ನೀವು ನೋಡಿಲ್ಲ), ಎಲ್ಲರೂ ಬಯೋಡೇಟಾದಲ್ಲಿ "ಅನುಭವ: ಇಲ್ಲ" ಎಂದು ಬರೆಯುತ್ತಾರೆ. ಎಷ್ಟು ತಿಂಗಳು ಮಾಡಿದ್ದೀರೋ ಅಷ್ಟೇ ಬರೆಯಿರಿ. "ತಂಡದ ಮುಖ್ಯಸ್ಥ" ಎಂದು ಏರಿಸಬೇಡಿ, "ಖಾಲಿ" ಎಂದು ಇಳಿಸಲೂ ಬೇಡಿ.

ಇಲ್ಲಿ ಒಂದು ಸೂಕ್ಷ್ಮವಿದೆ. ನಾಲ್ಕನೇ ಪಾರಾಜಿಕಕ್ಕೆ ಭಗವಾನರೇ ಒಂದು ವಿನಾಯಿತಿ ಇಟ್ಟಿದ್ದಾರೆ. ತನಗೆ ಸಾಧನೆ ಆಗಿದೆ ಎಂದು ನಿಜವಾಗಿಯೂ ನಂಬಿ ಹೇಳಿ, ಆಮೇಲೆ ಅದು ಭ್ರಮೆ ಎಂದು ತಿಳಿದವನಿಗೆ ಆ ದೋಷವಿಲ್ಲ. ಹೊಸದಾಗಿ ಕಲಿತ ಹುಡುಗ "ಟ್ಯಾಲಿ ಚೆನ್ನಾಗಿ ಬರುತ್ತದೆ" ಎಂದು ಬರೆದು ಸಂದರ್ಶನದಲ್ಲಿ ತಡವರಿಸಿದರೆ ಅವನನ್ನು ಸುಳ್ಳುಗಾರ ಎನ್ನಬೇಡಿ. ಗೊತ್ತಿದ್ದೂ ಬರೆದ ತಾರೀಖು, ಗೊತ್ತಿದ್ದೂ ಹಾಕಿಸಿದ ಮೊಹರು, ದೋಷ ಅಲ್ಲಿದೆ.

ಹಿರಿಯರಿಗೂ ಒಂದು ಮಾತು. ನಮ್ಮಲ್ಲಿ ಅಂಗಡಿ, ಶಾಲೆ, ಸಹಕಾರಿ ಸಂಘ ನಡೆಸುವವರಿದ್ದಾರೆ. "ನಮ್ಮ ಹುಡುಗ, ಒಂದು ಪತ್ರ ಕೊಟ್ಟರೆ ಏನು ಹೋಯಿತು" ಎಂದು ಸಹಿ ಹಾಕುತ್ತಾರೆ. ವಗ್ಗುಮುದಾ ದಂಡೆಯಲ್ಲಿ ಯಾರೂ ತನ್ನನ್ನು ತಾನು ಹೊಗಳಿಕೊಳ್ಳಲಿಲ್ಲ ಎಂಬುದನ್ನು ಗಮನಿಸಿ. ಪಕ್ಕದವನು ಹೊಗಳಿದ. ಅಷ್ಟು ಪ್ರೀತಿ ಇದ್ದರೆ ಹುಡುಗನನ್ನು ಆರು ತಿಂಗಳು ನಿಮ್ಮ ಅಂಗಡಿಯಲ್ಲಿ ನಿಜವಾಗಿ ಇಟ್ಟುಕೊಳ್ಳಿ, ಕೆಲಸ ಕಲಿಸಿ, ಕೈಗೆ ನಾಲ್ಕು ಕಾಸು ಕೊಡಿ, ಆಮೇಲೆ ಪತ್ರ ಬರೆಯಿರಿ. ಕಾಲೇಜಿನಲ್ಲಿರುವ ಮಕ್ಕಳು ಅಪ್ರೆಂಟಿಸ್ ತರಬೇತಿಗೆ ಅರ್ಜಿ ಹಾಕಲಿ. ಅಲ್ಲಿ ತರಬೇತಿ ಭತ್ಯೆಯೂ ಇದೆ, ಪರೀಕ್ಷಿಸಿದರೆ ನಿಲ್ಲುವ ಪ್ರಮಾಣಪತ್ರವೂ ಇದೆ.

ಈಗಾಗಲೇ ಬರೆದು ಕಳಿಸಿದವರು ಏನು ಮಾಡಬೇಕು? ಇಬ್ಬರು ಗುಟ್ಟಾಗಿ ನನಗೆ ಇದನ್ನೇ ಕೇಳಿದ್ದಾರೆ. ಅಂಬಲಟ್ಠಿಕೆಯಲ್ಲಿ ರಾಹುಲನಿಗೆ ಭಗವಾನರು ಹೇಳಿದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಾಮ್ರಾಟ್ ಅಶೋಕ ಭಿಕ್ಖುಗಳೂ ಗೃಹಸ್ಥರೂ ಕೇಳಬೇಕೆಂದು ಬೈರಾಟ್ ಶಾಸನದಲ್ಲಿ 'ಸುಳ್ಳಿನ ಬಗ್ಗೆ ರಾಹುಲನಿಗೆ ಮಾಡಿದ ಉಪದೇಶ' ಎಂದು ಹೆಸರು ಹೇಳಿ ಸೂಚಿಸಿದ ಪಾಠವಿದು. ಪಾತ್ರೆಯ ತಳದಲ್ಲಿ ಉಳಿದ ಸ್ವಲ್ಪ ನೀರನ್ನು ತೋರಿಸಿ, ಅದನ್ನು ಚೆಲ್ಲಿ, ಪಾತ್ರೆಯನ್ನು ಬೋರಲು ಹಾಕಿ ತೋರಿಸಿದ ಭಾಗ ಎಲ್ಲರಿಗೂ ಗೊತ್ತು. ಅದರ ಮುಂದಿನ ಭಾಗ ಹೆಚ್ಚು ಉಪಯೋಗದ್ದು. ಮಾಡುವ ಮೊದಲು ನೋಡಿಕೋ, ಮಾಡುವಾಗ ನೋಡಿಕೋ, ಮಾಡಿದ ಮೇಲೂ ನೋಡಿಕೋ. ಮಾಡಿದ್ದು ಕೆಡುಕು ಎಂದು ತಿಳಿದರೆ ಗುರುವಿನ ಮುಂದೋ ತಿಳಿದವರ ಮುಂದೋ ಬಿಚ್ಚಿ ಹೇಳು, ಮುಂದೆ ತಡೆದುಕೋ.

ಇದನ್ನು ಅರ್ಜಿಗೆ ಹೊಂದಿಸಿ ಹೇಳುತ್ತೇನೆ. ಅರ್ಜಿ ಹೋಗಿದೆ, ಕರೆ ಬಂದಿಲ್ಲ ಎಂದರೆ ತಿದ್ದಿದ ಬಯೋಡೇಟಾವನ್ನು ಇವತ್ತೇ ಮತ್ತೆ ಕಳಿಸಿ, ನೌಕರಿ ತಾಣಗಳಲ್ಲಿರುವುದನ್ನೂ ಬದಲಿಸಿ. ಸಂದರ್ಶನಕ್ಕೆ ಕರೆದಿದ್ದರೆ, ಪರಿಶೀಲನೆಯ ಫಾರ್ಮಿಗೆ ಸಹಿ ಹಾಕುವ ಮೊದಲು "ಬಯೋಡೇಟಾದಲ್ಲಿ ಅನುಭವದ ವಿವರ ತಪ್ಪಾಗಿದೆ, ಸರಿಯಾದದ್ದು ಇದು" ಎಂದು ಬರೆದು ಕೊಡಿ. ಆ ಕೆಲಸ ತಪ್ಪಬಹುದು, ಹೆಚ್ಚಿನ ಕಡೆ ತಪ್ಪುತ್ತದೆ. ಆದರೆ ಖೊಟ್ಟಿ ದಾಖಲೆ ಕೊಟ್ಟವನೆಂದು ಹೆಸರಾಗುವುದು ತಪ್ಪುತ್ತದೆ. ಈಗಾಗಲೇ ಕೆಲಸದಲ್ಲಿ ಇರುವವರ ವಿಷಯ ಗುಂಪಿನಲ್ಲಿ ಬರೆಯುವಂಥದ್ದಲ್ಲ. ಅಂಥವರು ಒಬ್ಬ ವಕೀಲರನ್ನು ಮೊದಲು ಕಾಣಿ. ನಮ್ಮ ಬಳಗದಲ್ಲೇ ವಕೀಲರಿದ್ದಾರೆ, ನನಗೆ ಹೇಳಿದರೆ ಭೇಟಿ ಮಾಡಿಸುತ್ತೇನೆ, ಮಾತು ನಮ್ಮಲ್ಲೇ ಇರುತ್ತದೆ.

ಪ್ರಶ್ನೆ ಕೇಳಿದ ತಮ್ಮನ ಜೊತೆ ಮೊನ್ನೆ ಮತ್ತೆ ಮಾತಾಡಿದೆ. ಬಿ.ಕಾಂ. ಮುಗಿದ ಮೇಲಿನ ಎರಡು ವರ್ಷದಲ್ಲಿ ಒಂಬತ್ತು ತಿಂಗಳು ಚಿಕ್ಕಪ್ಪನ ಗೊಬ್ಬರದಂಗಡಿಯಲ್ಲಿ ಜಿಎಸ್‌ಟಿ ಬಿಲ್ ತುಂಬುತ್ತಿದ್ದನಂತೆ. ಅದನ್ನು ಬರೆದಿರಲಿಲ್ಲ.

ಈ ಭಾನುವಾರ ಸಂಜೆ ವಂದನೆಯ ನಂತರ ಒಂದು ಗಂಟೆ ಬಯೋಡೇಟಾ ಬರೆಯುವುದಕ್ಕೆ ಇಟ್ಟಿದ್ದೇವೆ. ಮಕ್ಕಳನ್ನು ಕಳಿಸಿ. ಕಳೆದ ಐದು ವರ್ಷದಲ್ಲಿ ಸಂಬಳ ಬಂದದ್ದು, ಬರದಿದ್ದದ್ದು, ಮಾಡಿದ ಕೆಲಸವನ್ನೆಲ್ಲ ತಿಂಗಳ ಲೆಕ್ಕದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಂಡು ಬರಲಿ. ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸುವುದು ಬೇಡ, ಪೆನ್ಸಿಲಿನಲ್ಲಿ ಸಾಕು. ಅವ್ವಂದಿರೂ ಬಂದರೆ ಒಳ್ಳೆಯದು, ಮಕ್ಕಳು ಮರೆತದ್ದು ಅವರಿಗೆ ನೆನಪಿರುತ್ತದೆ.

ಸಾಧು, ಸಾಧು, ಸಾಧು. ಜೈ ಭೀಮ್.